ಗರಸಿನ ದಾರಿ ಯಾರಿಗೆ ಚೆಂದ?

ಅರವತ್ತರ ಹತ್ತಿರ ಬಂದ ಮೇಲೆ ನಾನೊಂದು ಹೊಸ ಚಟ ಹತ್ತಿಸಿಕೊಂಡಿದ್ದೇನೆ. ಅದರ ಹೆಸರು ಗ್ರಾವೆಲ್ ಬೈಕಿಂಗ್. ಬೈಕ್ ಅಂದ ಕೂಡಲೇ ಮೋಟಾರ್ ಸೈಕಲ್ ಅಂದುಕೊಳ್ಳಬೇಡಿ, ತುಳಿಯುವ ಸೈಕಲ್ಲೇ! ರೇಸ್ ಸೈಕಲ್ಲಿನ ಹಾಗೆ ಹ್ಯಾಂಡಲ್ ಕೆಳಗೆ ಬಾಗಿರುತ್ತದೆ, ಆದರೆ ಟೈರು ಅಗಲ. ರೇಸ್ ಸೈಕಲ್ಲಿನ ಟೈರು 25ರಿಂದ 28 ಮಿಲಿಮೀಟರ್ ಇದ್ದರೆ ಇದರದ್ದು 40ರ ಆಸುಪಾಸು. ಗಾಳಿಯನ್ನೂ ಸ್ವಲ್ಪ ಕಡಿಮೆ ಹಾಕುತ್ತಾರೆ. ಹಾಗಾಗಿ ಕಲ್ಲು ಅಡ್ಡ ಬಂದರೆ ಚಕ್ರ ಪುಟಿಯುವುದಿಲ್ಲ, ಮೆತ್ತಗೆ ಹತ್ತಿ ಇಳಿಯುತ್ತದೆ. ಡಾಂಬರು ಮುಗಿದು ಗರಸು, ಖಡಿ ಶುರುವಾದಲ್ಲಿ ಉಳಿದವರು ಹಿಂದಕ್ಕೆ ತಿರುಗುತ್ತಾರೆ, ನಮ್ಮ ಸವಾರಿ ಶುರುವಾಗುವುದೇ ಅಲ್ಲಿಂದ.

ವಾಶಿಯಲ್ಲಿ ಇದನ್ನು ಓಡಿಸಲು ಜಾಗ ಎಲ್ಲಿದೆ ಹೇಳಿ. ಬೆಳಿಗ್ಗೆ ಐದಕ್ಕೆ ಎದ್ದರೆ ಪಾಮ್ ಬೀಚ್ ರಸ್ತೆ ಇದೆ, ಅದು ಪೂರ್ತಿ ಡಾಂಬರು. ಹೀಗಾಗಿ ಹೋದ ಜನವರಿಯಲ್ಲಿ ಮಗ ಮತ್ತು ಅವನ ಇಬ್ಬರು ಗೆಳೆಯರು ಕಾರಿನ ಹಿಂದೆ ಸೈಕಲ್ಲು ಕಟ್ಟಿಕೊಂಡು ನಾಸಿಕಕ್ಕೆ ಹೊರಟಾಗ ನಾನೂ ಹತ್ತಿ ಕೂತೆ. 2025ರ ಜೂನ್‌ನಲ್ಲಿ ಸಮೃದ್ಧಿ ಮಹಾಮಾರ್ಗದ ಕೊನೆಯ ತುಂಡು, ಅಂದರೆ ಇಗತಪುರಿಯಿಂದ ಭಿವಂಡಿ ಹತ್ತಿರದ ಆಮಣೆವರೆಗಿನ 76 ಕಿಲೋಮೀಟರ್, ತೆರೆದ ಮೇಲೆ ಕಸಾರಾ ಘಾಟಿನ ರಗಳೆಯೂ ತಪ್ಪಿದೆ. ಮುಂಬಯಿಯವರಿಗೆ ನಾಸಿಕ ಈಗ ಬೆಳಿಗ್ಗೆ ಹೋಗಿ ಸಂಜೆ ಬರುವ ಊರು.

ನಾಸಿಕ ಸೈಕಲ್ಲಿನವರ ಊರೂ ಹೌದು. ಅಮೆರಿಕವನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ಸೈಕಲ್ಲಿನಲ್ಲಿ ದಾಟುವ ರೇಸ್ ಅಕ್ರಾಸ್ ಅಮೆರಿಕವನ್ನು 2015ರಲ್ಲಿ ಇಬ್ಬರ ತಂಡವಾಗಿ ಮುಗಿಸಿದ ಡಾಕ್ಟರ್ ಸಹೋದರರು ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಇಲ್ಲಿಯವರು. ಅದೇ ರೇಸನ್ನು 2017ರಲ್ಲಿ ಒಬ್ಬರೇ ತುಳಿದು ಮುಗಿಸಿದ ಮೊದಲ ಭಾರತೀಯ, ಸೇನೆಯ ವೈದ್ಯ ಶ್ರೀನಿವಾಸ ಗೋಕುಲನಾಥ್ ಕೂಡ ನಾಸಿಕದಲ್ಲಿದ್ದವರೇ. ಅಂಥವರ ಊರಿನಲ್ಲಿ ನಮ್ಮಂಥ ಹೊಟ್ಟೆಯವರು ತುಳಿಯುವುದು ಸಾಹಸವೇನಲ್ಲ ಬಿಡಿ.

ಗಂಗಾಪುರ ಅಣೆಕಟ್ಟಿನ ಹಿನ್ನೀರು ದಾಟಿ ಗಿರಣಾರೆ ಕಡೆಗೆ ಹೊರಟೆವು. ದೂರದಲ್ಲಿ ಅಂಜನೇರಿ, ಅದರಾಚೆ ಗೋದಾವರಿ ಹುಟ್ಟುವ ಬ್ರಹ್ಮಗಿರಿ. ಏರು, ಇಳಿವು, ಮತ್ತೆ ಏರು. ಎರಡೂ ಬದಿಗೆ ದ್ರಾಕ್ಷಿಯ ಚಪ್ಪರ. ಗೊಂಚಲುಗಳಿಗೆ ಹಳೇ ಪೇಪರು ಸುತ್ತಿದ್ದರು. ಚಳಿಗೆ ಹಸಿರು ಹಣ್ಣು ಗುಲಾಬಿಗೆ ತಿರುಗಿದರೆ ರೇಟು ಬಿದ್ದು ಹೋಗುತ್ತದೆ, ಅದಕ್ಕೆ ಈ ಉಪಾಯ. ನಡುವೆ ಕೆಂಪು ಗರಸಿನ ದಾರಿ, ಟೈರಿನ ಕೆಳಗೆ ಚರಚರ ಸದ್ದು, ಮುಖಕ್ಕೆ ತಣ್ಣನೆ ಗಾಳಿ. ಸುಳ್ಳು ಯಾಕೆ ಹೇಳಲಿ, ಮೂವತ್ತು ವರ್ಷ ಲೋಕಲ್ ಟ್ರೈನಿನಲ್ಲಿ ಜೋತು ಬಿದ್ದು ಓಡಾಡಿದ ಈ ಮೈಗೆ ಅಷ್ಟು ಸುಖ ಆದದ್ದು ನನಗೆ ನೆನಪಿಲ್ಲ.

ಒಂದು ಏರಿನ ಮೇಲೆ ನಿಂತು ನೀರು ಕುಡಿಯುವಾಗ ನೋಡಿದೆವು, ದಾರಿಯ ಬದಿಗೆ ಖಡಿಯ ಗುಡ್ಡೆಗಳು ಬಿದ್ದಿದ್ದವು. ಮಗನ ಗೆಳೆಯ ಒಬ್ಬ, "ಅಯ್ಯೋ ಅಂಕಲ್, ಈ ರೋಡೂ ಹೋಯ್ತು. ಮುಂದಿನ ವರ್ಷ ಡಾಂಬರು ಹಾಕಿರ್ತಾರೆ" ಅಂದ. ನಾನೂ ಛೇ ಛೇ ಎಂದು ತಲೆಯಾಡಿಸಿದೆ. ಈ ಬರಹ ಬರೆಯುತ್ತಿರುವುದು ಆ ತಲೆಯಾಡಿಸಿದ ತಪ್ಪಿಗೆ.

ಯಾಕೆಂದರೆ ಅದೇ ರಾತ್ರಿ ಊರಿಗೆ ಫೋನು ಮಾಡಿದೆ. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆಯ ಹಳ್ಳಿ. ಅಣ್ಣ ಈಗಲೂ ದ್ರಾಕ್ಷಿ ಬೆಳೆಯುತ್ತಾನೆ, ಹೆಚ್ಚಿನದು ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ. ಸವಾರಿಯ ವರ್ಣನೆಯನ್ನೆಲ್ಲ ಕೇಳಿ ಅವನು ಅಂದದ್ದು ಇಷ್ಟು: "ಧೂಳ ತಿನ್ನಾಕ ನಾಸಿಕ ತನಕ ಯಾಕ ಹೋಗಬೇಕಿತ್ತೋ ತಮ್ಮಾ? ನಮ್ಮ ತ್ವಾಟದ ದಾರೀಗಿ ಬಾ, ಪುಕ್ಕಟ ಸಿಗತೈತಿ." ಸೈಕಲ್ಲಿನ ಬೆಲೆ ಕೇಳಿದ, ಹೇಳಿದೆ. "ಒಂದು ಚಲೋ ಎಮ್ಮಿ ಬರತಿತ್ತಲ್ಲೋ!" ಅಂದ. ಇಬ್ಬರೂ ನಕ್ಕೆವು. ಆಮೇಲೆ ಅವನು ನಗು ನಿಲ್ಲಿಸಿ ತೋಟದ ದಾರಿಯ ಮಾತು ತೆಗೆದ. ಅರ್ಜಿ ಕೊಟ್ಟು ಎಂಟು ವರ್ಷ ಆಗಿದೆ. ಎರಡು ಕಿಲೋಮೀಟರ್ ದಾರಿ. ಮಳೆಗಾಲದಲ್ಲಿ ಕರಿಮಣ್ಣಿನ ಕೆಸರು, ಬೇಸಿಗೆಯಲ್ಲಿ ಮೊಣಕಾಲುದ್ದ ಧೂಳು.

ಧೂಳು ಅಂದರೆ ನಮಗೆ ಬಟ್ಟೆ ಒಗೆಯುವ ಕೆಲಸ, ಅಷ್ಟೆ. ದ್ರಾಕ್ಷಿಯವನಿಗೆ ಅದು ದುಡ್ಡಿನ ಲೆಕ್ಕ. ಮಣೂಕ ಮಾಡುವವರು ಹಣ್ಣನ್ನು ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಗಾಳಿ ಆಡಲೆಂದು ಶೆಡ್ಡಿನ ಬದಿಗಳು ತೆರೆದೇ ಇರಬೇಕು. ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹಣ್ಣು ಅಲ್ಲೇ ಒಣಗುತ್ತದೆ. ಪಕ್ಕದ ದಾರಿಯಲ್ಲಿ ಟ್ರ್ಯಾಕ್ಟರು ಹೋದಾಗಲೆಲ್ಲ ಎದ್ದ ಧೂಳು ಅಂಟು ಹಣ್ಣಿನ ಮೇಲೆ ಕೂರುತ್ತದೆ. ಹಸಿರು ಹೊಳಪಿನ ಮಣೂಕಕ್ಕೂ ಮಂಕಾದ ಮಣೂಕಕ್ಕೂ ಸಾಂಗಲಿ, ತಾಸಗಾಂವ್ ಪೇಟೆಯಲ್ಲಿ ಒಂದೇ ರೇಟು ಸಿಗುತ್ತದೆಯೇ? ಇನ್ನು ತಿನ್ನುವ ದ್ರಾಕ್ಷಿಯ ಕಥೆ ಬೇರೆ. ಬೀಜವಿಲ್ಲದ ಜಾತಿಗಳ ಹಣ್ಣು ತೊಟ್ಟಿನಿಂದ ಬೇಗ ಕಳಚಿಕೊಳ್ಳುತ್ತದೆ. ವರ್ಷವಿಡೀ ಮಾಡಿದ ಆರೈಕೆ, ಏಪ್ರಿಲ್ಲಿನ ಒಂದು ಛಾಟಣಿ, ಅಕ್ಟೋಬರಿನ ಇನ್ನೊಂದು ಛಾಟಣಿ, ಲೆಕ್ಕವಿಲ್ಲದಷ್ಟು ಔಷಧ ಸಿಂಪಡಣೆ, ಎಲ್ಲ ಆಗಿ ಕೊನೆಯ ಎರಡು ಕಿಲೋಮೀಟರಿನ ಕುಲುಕಾಟದಲ್ಲಿ ಗೊಂಚಲು ಉದುರಿದರೆ ಯಾರನ್ನು ಕೇಳುವುದು?

ಹಾಗಾದರೆ ಗ್ರಾವೆಲ್ ಸೈಕಲ್ಲಿನವರು ಎಲ್ಲ ಕಡೆ ಹೀಗೇನಾ? ಇಲ್ಲ. ಇಟಲಿಯ ಕಿಯಾಂತಿ ಎಂಬ ಗುಡ್ಡಗಾಡು ಸೀಮೆಯನ್ನು ನೋಡಿ. ಅಲ್ಲಿಯೂ ದ್ರಾಕ್ಷಿ, ಅಲ್ಲಿಯೂ ಖಡಿ ದಾರಿ, ಬಣ್ಣ ಮಾತ್ರ ಬಿಳಿ. ಆ ಬಿಳಿ ದಾರಿಗಳು ಒಂದೊಂದಾಗಿ ಡಾಂಬರಿನಡಿ ಹೋಗುತ್ತಿವೆಯೆಂದು ಜಾಂಕಾರ್ಲೊ ಬ್ರೊಚ್ಚಿ ಎಂಬವರು 1997ರಲ್ಲಿ ಗಾಯೊಲೆ ಎಂಬ ಊರಿನಿಂದ ಹಳೇ ಸೈಕಲ್ಲುಗಳ ಸವಾರಿಯೊಂದನ್ನು ಶುರು ಮಾಡಿದರು. ಹೆಸರು ಎರೋಯ್ಕಾ. ಮೊದಲ ವರ್ಷ ಬಂದವರು 92 ಜನ, ಈಗ ಸಾವಿರಗಟ್ಟಲೆ ಬರುತ್ತಾರೆ. 2007ರಿಂದ ಅದೇ ದಾರಿಗಳ ಮೇಲೆ ದೊಡ್ಡ ಆಟಗಾರರ ರೇಸೂ ನಡೆಯುತ್ತಿದೆ. ದಾರಿಗಳು ಉಳಿದವು, ಹೆಸರಾದವು.

ನಮ್ಮ ಸೈಕಲ್ ಗೆಳೆಯರು ಇದನ್ನೇ ತೋರಿಸಿ, "ನೋಡಿ, ಅವರು ಉಳಿಸಿಕೊಂಡರು, ನಾವೂ ಉಳಿಸಬೇಕು" ಅನ್ನುತ್ತಾರೆ. ನನ್ನ ತಕರಾರು ಇಲ್ಲೇ ಇದೆ. ಕಿಯಾಂತಿಯ ಬಿಳಿ ದಾರಿ ಬೇಕು ಅಂದವರು ಆ ನೆಲದವರು. ಆ ದಾರಿಯ ಚೆಂದಕ್ಕೆ ಜನ ಬಂದು ಅಲ್ಲೇ ಉಳಿಯುತ್ತಾರೆ, ಅಲ್ಲಿಯ ವೈನ್ ಕೊಳ್ಳುತ್ತಾರೆ. ಅಂದರೆ ಅಲ್ಲಿ ದಾರಿಯ ಚೆಂದವೂ ಬೆಳೆಗಾರನಿಗೆ ಒಂದು ಬೆಳೆ. ಗಿರಣಾರೆಯ ಗರಸಿನ ದಾರಿಯಿಂದ ಅಲ್ಲಿಯವರಿಗೆ ಏನು ಬಂತು? ನಾವು ನೀರನ್ನೂ ವಾಶಿಯಿಂದಲೇ ತುಂಬಿಕೊಂಡು ಹೋಗಿದ್ದೆವು. ತೋಟದ ಕೆಲಸಕ್ಕೆ ಪೇಠ, ಸುರಗಾಣಾ ಕಡೆಯಿಂದ ಬರುವ ಆದಿವಾಸಿ ಹೆಣ್ಣುಮಕ್ಕಳು ಅದೇ ದಾರಿಯಲ್ಲಿ ಜೀಪಿನಲ್ಲಿ ಕಿಕ್ಕಿರಿದು ನಿಂತು ಹೋಗುತ್ತಿದ್ದರು. ನಮಗೆ ಮಜಾ ಕೊಟ್ಟ ಪ್ರತಿ ಕಲ್ಲು ಅವರ ಸೊಂಟಕ್ಕೂ ಬಡಿದಿರಬೇಕು.

ಇನ್ನೊಂದು ಮಾತನ್ನೂ ಒಪ್ಪುತ್ತೇನೆ. ಡಾಂಬರು ಬಿದ್ದಲ್ಲೆಲ್ಲ ರೈತನಿಗೆ ಒಳ್ಳೆಯದೇ ಆಗುತ್ತದೆ ಅಂತಿಲ್ಲ. ನಾಸಿಕದಲ್ಲಿ ದೊಡ್ಡ ವೈನರಿಯೊಂದು 2000ದಲ್ಲಿ ಶುರುವಾಗಿ ಹೆಸರಾದ ಮೇಲೆ ಶನಿವಾರ, ಭಾನುವಾರ ಆ ಕಡೆ ಕಾರುಗಳ ಸಾಲೇ ಸಾಲು. ರಸ್ತೆ ನುಣುಪಾದ ಹಾಗೆ ಕಾರಿನ ವೇಗ ಏರುತ್ತದೆ, ಹಿಂದೆಯೇ ರೆಸಾರ್ಟು ಬರುತ್ತದೆ, ಪ್ಲಾಟಿನ ಬೋರ್ಡು ಬರುತ್ತದೆ. ಆದರೆ ಬೆಳೆಗಾರ ಕೇಳುತ್ತಿರುವುದು ಆ ಹೆದ್ದಾರಿಯನ್ನಲ್ಲ. ಕ್ರೇಟು ಕುಲುಕದ, ಮಳೆಗೆ ಹುಗಿಯದ, ಒಂದು ಟ್ರ್ಯಾಕ್ಟರು ಹೋಗುವಷ್ಟು ಗಟ್ಟಿ ದಾರಿ. ಮಹಾರಾಷ್ಟ್ರದವರು ಇದಕ್ಕೆ ಪಾಣಂದ ರಸ್ತೆ ಅನ್ನುತ್ತಾರೆ, 2021ರಲ್ಲಿ ಸರಕಾರ ಇದಕ್ಕಾಗಿಯೇ ಮಾತೋಶ್ರೀ ಹೆಸರಿನ ಯೋಜನೆಯನ್ನೂ ತಂದಿತು. ಅಂಥ ದಾರಿ ಎಲ್ಲಿ ಬೇಕು, ಎಷ್ಟು ಅಗಲ ಬೇಕು, ಮೇಲೆ ಡಾಂಬರೋ ಬರೀ ಗಟ್ಟಿ ಖಡಿಯೋ ಎಂದು ಹೇಳಬೇಕಾದವರು ಅಲ್ಲಿ ಹಣ್ಣು ಸಾಗಿಸುವವರು. ತಿಂಗಳಿಗೊಮ್ಮೆ ಬಂದು ಫೋಟೋ ತೆಗೆದುಕೊಂಡು ಹೋಗುವ ನಾವಲ್ಲ.

ಹಾಗಂತ ಸೈಕಲ್ ಮಾರಿಬಿಡಿ ಎಂದು ನಾನು ಹೇಳುತ್ತಿಲ್ಲ. ನಾನೂ ಮಾರುವವನಲ್ಲ, ಈಗಷ್ಟೇ ಕೊಂಡಿದ್ದೇನೆ! ಕಾರಿನವರಿಗಿಂತ ನಾವು ಎಷ್ಟೋ ವಾಸಿ. ಹೊಗೆ ಇಲ್ಲ, ಹಾರ್ನ್ ಇಲ್ಲ. ಆದರೆ ಹೋಗುವವರು ಹೋದ ಊರಿನಲ್ಲೇ ಚಹಾ ಕುಡಿಯಿರಿ, ವಡಾಪಾವ್ ತಿನ್ನಿರಿ. ಔಷಧ ಹೊಡೆಯುತ್ತಿದ್ದರೆ ಬೇರೆ ದಾರಿ ಹಿಡಿಯಿರಿ, ನಿಮ್ಮ ಪುಪ್ಪಸಕ್ಕೂ ಒಳ್ಳೆಯದು. ಕೊಯ್ಲಿನ ತಿಂಗಳುಗಳಲ್ಲಿ ಟ್ರ್ಯಾಕ್ಟರು ಎದುರು ಬಂದರೆ ಸೈಕಲ್ ಇಳಿದು ಬದಿಗೆ ನಿಲ್ಲಿರಿ. ಚಪ್ಪರದೊಳಗೆ ನುಗ್ಗಿ ಗೊಂಚಲು ಹಿಡಿದು ಫೋಟೋ ತೆಗೆಯಬೇಡಿ. ಮತ್ತೆ, ಖಡಿಯ ಗುಡ್ಡೆ ಕಂಡರೆ ದಯವಿಟ್ಟು ಛೇ ಅನ್ನಬೇಡಿ. ಯಾರೋ ಎಂಟು ವರ್ಷ ಅರ್ಜಿ ಹಿಡಿದು ತಿರುಗಿದ ಮೇಲೆ ಬಿದ್ದ ಗುಡ್ಡೆ ಅದಾಗಿರಬಹುದು.

ನಮ್ಮಂಥ ಊರು ಬಿಟ್ಟು ಬಂದವರಿಗೆ ಇದು ಇನ್ನೂ ಸುಲಭವಾಗಿ ಅರ್ಥವಾಗಬೇಕು. ಮಣ್ಣಿನ ದಾರಿಯ ನೆನಪು ನಮಗೆ ಸಿಹಿ. ಆದರೆ ಆ ದಾರಿ ಬೇಡವಾಗಿಯೇ ಅಲ್ಲವೇ ನಾವು ಬಸ್ಸು ಹತ್ತಿದ್ದು? ಈಗ ಇಲ್ಲಿ ಲಿಫ್ಟು, ನಳದ ನೀರು ಎಲ್ಲ ಇಟ್ಟುಕೊಂಡು ಅವರ ದಾರಿ ಮಾತ್ರ ಹಾಗೇ ಇರಲಿ ಅಂದರೆ ಯಾವ ನ್ಯಾಯ?

ನಾಸಿಕದಿಂದ ಬಂದ ಮೇಲೆ ಒಂದು ಬೆಳಿಗ್ಗೆ ಎಪಿಎಂಸಿ ಹಣ್ಣಿನ ಮಾರ್ಕೆಟ್ಟಿನ ಕಡೆ ಹೋಗಿದ್ದೆ. ಹೊರಗೆ ಕೈಗಾಡಿಯವನೊಬ್ಬ ಉದುರು ದ್ರಾಕ್ಷಿ ಮಾರುತ್ತಿದ್ದ, ಗೊಂಚಲಿನ ಅರ್ಧ ರೇಟಿಗೆ. ಎಷ್ಟೋ ವರ್ಷಗಳಿಂದ ನಮ್ಮ ಮನೆಗೆ ಅದೇ ತರುವುದು, ರುಚಿಯಲ್ಲಿ ವ್ಯತ್ಯಾಸ ಇಲ್ಲ. ಅವತ್ತು ಮಾತ್ರ ಒಂದು ಕಿಲೋ ತೂಗಿಸಿಕೊಂಡವನು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಇಷ್ಟು ಹಣ್ಣು ಯಾವ ಊರಿನ ದಾರಿಯಲ್ಲಿ ಉದುರಿತೋ ಏನೋ. ಮನೆಗೆ ಬಂದು ಅಣ್ಣನಿಗೆ ಫೋನು ಮಾಡಿ, ಅರ್ಜಿಯ ನಕಲು ಕಳಿಸು, ನಾನೂ ಇಲ್ಲಿಂದ ಬರೆಯುತ್ತೇನೆ ಎಂದು ಹೇಳಿದ್ದೇನೆ.