ಯಜ್ಞವೋ ಬಲಿಯೋ: ಕನ್ನಡ ಬೈಬಲ್ಲಿನ ಸುತ್ತ ನಡೆಯದೇ ಉಳಿದ ಸಂವಾದ

1872ರಲ್ಲಿ ಮಂಗಳೂರಿನಿಂದ ಫರ್ಡಿನಾಂಡ್ ಕಿಟ್ಟೆಲ್ ಅವರ ಎರಡು ಪುಸ್ತಕಗಳು ಹೊರಬಂದವು. ಒಂದು, ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಪಾದನೆ, ಇನ್ನೊಂದು, ವೈದಿಕ ಯಜ್ಞಕಲ್ಪನೆಯನ್ನು ಕ್ರೈಸ್ತ ದೃಷ್ಟಿಯಿಂದ ವಿವೇಚಿಸುವ ‘ಯಜ್ಞಸುಧಾನಿಧಿ’. ಮೊದಲನೆಯದನ್ನು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. ಎರಡನೆಯದು ಕಿಟ್ಟೆಲ್ ಕೃತಿಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿದಿದೆ. ಒಂದೇ ವರ್ಷ ಒಬ್ಬನೇ ವಿದ್ವಾಂಸನಿಂದ ಬಂದ ಈ ಎರಡು ಕೃತಿಗಳಲ್ಲಿ ಒಂದನ್ನು ಕನ್ನಡದ ಆಸ್ತಿಯೆಂದೂ ಮತ್ತೊಂದನ್ನು ಪಾದ್ರಿಯ ಖಾಸಗಿ ವ್ಯವಹಾರವೆಂದೂ ವಿಂಗಡಿಸಿದವರು ಕಿಟ್ಟೆಲ್ ಅಲ್ಲ, ನಂತರದ ಕನ್ನಡ ವಿದ್ವತ್ತು.

ಈ ವಿಂಗಡಣೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಮಿಷನರಿಗಳ ಕನ್ನಡ ಸೇವೆಯ ಬಗೆಗಿನ ಯಾವ ಉಪನ್ಯಾಸವೂ ಮುದ್ರಣಯಂತ್ರ, ಪತ್ರಿಕೆ, ನಿಘಂಟುಗಳನ್ನು ದಾಟುವುದಿಲ್ಲ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ಕೋಶ, ನಡುವೆ ಮೋಗ್ಲಿಂಗರ ಗ್ರಂಥಮಾಲೆ, ಇಷ್ಟಕ್ಕೆ ಕಥೆ ಮುಗಿಯುತ್ತದೆ. ಅವರು ಯಾವ ಪ್ರಶ್ನೆಯನ್ನು ಹೊತ್ತುಕೊಂಡು ಸಮುದ್ರ ದಾಟಿ ಬಂದರೋ ಆ ಪ್ರಶ್ನೆಯೇ ಪಠ್ಯದಿಂದ ಹೊರಗುಳಿಯುತ್ತದೆ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಮುಂದೆ ಅದರ ಪರಿಷ್ಕರಣದಲ್ಲಿ ದುಡಿದವರಲ್ಲಿ ಬೆಂಗಳೂರಿನ ಬೆಂಜಮಿನ್ ರೈಸ್ ಒಬ್ಬರು. ಅವರ ಮಗ ಬಿ.ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು ಓದಿ ಪ್ರಕಟಿಸಿದರು. ಮತ್ತೊಬ್ಬ ಮಗ ಇ.ಪಿ. ರೈಸ್ ಕನ್ನಡ ಸಾಹಿತ್ಯದ ಇತಿಹಾಸ ಬರೆದರು. ಮಕ್ಕಳ ಕೆಲಸ ವಿಶ್ವವಿದ್ಯಾನಿಲಯಕ್ಕೆ ಸಂದಿತು, ತಂದೆಯ ಕೆಲಸ ಚರ್ಚಿನೊಳಗೇ ಉಳಿಯಿತು.

ಹೀಗೆ ಉಳಿದುದರಿಂದ ಆದ ನಷ್ಟವನ್ನು ಒಂದೇ ಪದದ ಮೂಲಕ ತೋರಿಸಬಹುದು. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಬರುವ ಪಶುಸಮರ್ಪಣೆಯ ವಿಧಿಗಳಿಗೆ ಕನ್ನಡದಲ್ಲಿ ಏನೆನ್ನಬೇಕು? ಊರಮ್ಮನ ಜಾತ್ರೆಯಲ್ಲಿ ಕಡಿಯುವ ಕುರಿಗೆ ಜನ ಹೇಳುವ ಮಾತು ‘ಬಲಿ’. ವೇದದ ಅಗ್ನಿಕಾರ್ಯಕ್ಕೆ ಶಾಸ್ತ್ರ ಹೇಳುವ ಮಾತು ‘ಯಜ್ಞ’. ಪ್ರಾಟೆಸ್ಟೆಂಟ್ ಪರಂಪರೆಯ ಕನ್ನಡ ಬೈಬಲ್ ಎರಡನೆಯ ದಾರಿ ಹಿಡಿಯಿತು. ಸರ್ವಾಂಗಹೋಮ, ಸಮಾಧಾನಯಜ್ಞ, ಪ್ರಾಯಶ್ಚಿತ್ತಯಜ್ಞ, ಯಾಜಕ ಮೊದಲಾದ ಪದಗಳೆಲ್ಲ ವೈದಿಕ ಪರಿಭಾಷೆಯ ಬಟ್ಟೆ ತೊಟ್ಟು ಬಂದವು. ಇತ್ತ ಕನ್ನಡ ಕಥೋಲಿಕರಲ್ಲಿ ರೂಢಿಯಾದುದು ‘ಬಲಿಪೂಜೆ’. ಚರ್ಚಿನ ಫಲಕಗಳಲ್ಲಿ ಇಂದಿಗೂ ‘ದಿವ್ಯ ಬಲಿಪೂಜೆ’ಯ ವೇಳೆಯನ್ನು ಬರೆದಿರುತ್ತಾರೆ. ಪ್ರಾಟೆಸ್ಟೆಂಟರ ಬೈಬಲ್ಲಿನಲ್ಲಿ ಅದಕ್ಕೆ ಸಂವಾದಿಯಾದ ಪದ ‘ಕರ್ತನ ಭೋಜನ’. ಪೂಜೆಯ ರೊಟ್ಟಿ, ದ್ರಾಕ್ಷಾರಸಗಳು ಕ್ರಿಸ್ತನ ಬಲಿಯನ್ನೇ ಸನ್ನಿಹಿತಗೊಳಿಸುವ ಸಮರ್ಪಣೆಯೋ, ಒಮ್ಮೆಗೇ ಮುಗಿದುಹೋದ ಬಲಿಯ ನೆನಪಿನ ಊಟವೋ ಎಂದು ಹದಿನಾರನೆಯ ಶತಮಾನದ ಯೂರೋಪು ಇಬ್ಭಾಗವಾಯಿತು. ಆ ಜಗಳ ಕನ್ನಡದ ಎರಡು ಪದಗಳೊಳಗೆ ಸದ್ದಿಲ್ಲದೆ ಕೂತಿದೆ. ಅನುವಾದ ಅಧ್ಯಯನದ ಹೆಸರಿನಲ್ಲಿ ಇಷ್ಟೊಂದು ಪ್ರಬಂಧಗಳು ಬರುತ್ತಿರುವ ಕಾಲದಲ್ಲಿ ಇದು ಕನ್ನಡ ಸಂಶೋಧಕರ ಕಣ್ಣಿಗೆ ಹೆಚ್ಚಾಗಿ ಬೀಳದಿರುವುದು ಸೋಜಿಗವೇ ಸರಿ.

ಜೈನ ಸಾಹಿತ್ಯದ ಅಭ್ಯಾಸಿಗಳಿಗೆ ಈ ಪದ ಇನ್ನೂ ಹತ್ತಿರದ್ದು. ಕಿಟ್ಟೆಲ್ ಸಂಪಾದಿಸಿದ ವ್ಯಾಕರಣದ ಕರ್ತೃ ಕೇಶಿರಾಜ ಜನ್ನನ ಸೋದರಳಿಯ. ಆ ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ಕನ್ನಡದಲ್ಲಿ ಬಲಿಯ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಎತ್ತಿದ ಕಾವ್ಯ. ದುಃಸ್ವಪ್ನದ ಶಾಂತಿಗೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಅಹಿಂಸೆಗೆ ಮನಸೋತ ಯಶೋಧರ ಒಪ್ಪುವುದಿಲ್ಲ; ಕೊನೆಗೆ ಹಿಟ್ಟಿನ ಕೋಳಿಯೊಂದಕ್ಕೆ ಕತ್ತಿಯೆತ್ತುವ ರಾಜಿಗೆ ಇಳಿಯುತ್ತಾನೆ. ರಕ್ತ ಬೀಳಲಿಲ್ಲ, ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳ ಸರಪಳಿಯಲ್ಲಿ ಸಿಲುಕುತ್ತಾರೆ. ಬಲಿಗೆ ಬದಲಿ ವಸ್ತು ಹುಡುಕಿದರೆ ಸಾಲದು, ಬಲಿಯ ಭಾವವೇ ಬಂಧನ ಎನ್ನುವುದು ಜನ್ನನ ತೀರ್ಪು.

ಈಗ ಬೈಬಲ್ಲಿನ ಪ್ರವಾದಿಗಳ ಕಡೆ ತಿರುಗಬೇಕು. ಹೋಶೇಯ, ಆಮೋಸ, ಯೆಶಾಯ ಮೂವರೂ ಪಶುಸಮರ್ಪಣೆಯ ಆಡಂಬರವನ್ನು ಕಟುವಾಗಿ ಖಂಡಿಸಿದವರು. ದೇವರಿಗೆ ಬೇಕಾದುದು ಹೋಮದ ಹೊಗೆಯಲ್ಲ, ಕರುಣೆ ಮತ್ತು ನ್ಯಾಯ ಎಂಬುದು ಅವರ ವಾದದ ಸಾರ. ಹೋಶೇಯನ ಮಾತನ್ನು ಯೇಸು ನೆನಪಿಸುವ ಪ್ರಸಂಗ ಮತ್ತಾಯನ ಸುವಾರ್ತೆಯಲ್ಲಿ ಎರಡು ಬಾರಿ ಬರುತ್ತದೆ. ಅನುವಾದಕರು ಇಲ್ಲಿಯೂ ‘ಯಜ್ಞ’ ಎಂಬ ಪದವನ್ನೇ ಬಳಸಿದ್ದರಿಂದ ಅವರು ಬಹುಶಃ ನಿರೀಕ್ಷಿಸದ ಪರಿಣಾಮವೊಂದು ಉಂಟಾಗಿದೆ. ಇಸ್ರಾಯೇಲಿನ ಪ್ರವಾದಿ ಕನ್ನಡದಲ್ಲಿ ಯಜ್ಞವನ್ನು ನಿರಾಕರಿಸಿದಾಗ, ಜೈನ ಕಾವ್ಯಗಳನ್ನು ಓದಿದ ಕಿವಿಗೆ ಅದು ಪರದೇಶದ ದನಿಯಾಗಿ ಕೇಳುವುದಿಲ್ಲ.

ಆದರೆ ಸಾಮ್ಯ ಅಲ್ಲಿಗೆ ನಿಲ್ಲುತ್ತದೆ, ನಿಲ್ಲಲೇಬೇಕು. ಇಬ್ರಿಯರಿಗೆ ಬರೆದ ಪತ್ರಿಕೆಯ ಪ್ರಕಾರ ಪಶುಯಜ್ಞಗಳು ನಿಂತದ್ದು ಯಜ್ಞವೇ ತಪ್ಪೆಂಬ ಕಾರಣಕ್ಕಲ್ಲ; ಕ್ರಿಸ್ತನ ಯಜ್ಞ ಒಂದೇ ಸಾರಿಗೆ ಎಲ್ಲರಿಗಾಗಿ ಪೂರ್ಣಗೊಂಡಿತೆಂಬ ಕಾರಣಕ್ಕೆ. ಒಬ್ಬನು ಎಲ್ಲರ ಪಾಪವನ್ನು ಹೊತ್ತ ಎಂಬುದು ಕ್ರೈಸ್ತ ಶ್ರದ್ಧೆಯ ನಡುಗಂಬ. ಜೈನ ದರ್ಶನದಲ್ಲಿ ಒಂದು ಜೀವದ ಕರ್ಮವನ್ನು ಇನ್ನೊಂದು ಜೀವ ಹೊರಲಾರದು, ತೀರ್ಥಂಕರನೂ ಹೊರಲಾರ. ಅವನು ದಾರಿ ತೋರಿಸಬಲ್ಲ, ಅಷ್ಟೆ. ‘ಪಾಪ’ ಎಂಬ ಒಂದೇ ಪದ ಒಂದೆಡೆ ದೇವರ ವಿರುದ್ಧದ ಅಪರಾಧ, ಇನ್ನೊಂದೆಡೆ ಜೀವಕ್ಕೆ ಅಂಟಿಕೊಳ್ಳುವ ಕರ್ಮಪುದ್ಗಲ. ಎಲ್ಲ ಧರ್ಮಗಳ ತಿರುಳೂ ಒಂದೇ ಎಂಬ ಸಭಾಮರ್ಯಾದೆಯ ಮಾತು ಇಲ್ಲಿ ವಿದ್ವತ್ತಿಗೆ ದ್ರೋಹ ಬಗೆಯುತ್ತದೆ. ಭಿನ್ನಾಭಿಪ್ರಾಯ ಇಷ್ಟು ಸ್ಪಷ್ಟವಾಗಿರುವಲ್ಲಿಯೇ ಸಂವಾದಕ್ಕೆ ಅರ್ಥ.

ಇಂಥ ಸಂವಾದಕ್ಕೆ ಕರ್ನಾಟಕದಲ್ಲಿ ಜನರಿಲ್ಲದೆ ಹೋಗಲಿಲ್ಲ. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದರು, ಶರಣರ ಅಧ್ಯಯನದಲ್ಲಿ ಬಾಳು ಸವೆಸಿದರು, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕನ್ನಡದಲ್ಲಿಯೇ ಬರೆದ ಕ್ರೈಸ್ತ ಚಿಂತಕರವರು. ಬಾಹುಬಲಿಯ ಊರಾದ ಕಾರ್ಕಳದಲ್ಲಿ ಹುಟ್ಟಿದ ಸ್ಟಾನ್ಲಿ ಸಮರ್ಥ ಅವರು ಜಾಗತಿಕ ಚರ್ಚುಗಳ ಮಂಡಲಿಯಲ್ಲಿ ಅಂತರ್ಧರ್ಮ ಸಂವಾದದ ವಿಭಾಗವನ್ನೇ ಮುನ್ನಡೆಸಿದರು. ಅವರ ಮುಖ್ಯ ಕೃತಿಗಳು ಇಂಗ್ಲಿಷಿನಲ್ಲಿವೆ. ಆ ನಂತರ ದೇವಶಾಸ್ತ್ರದ ವಿದ್ವತ್ ಚರ್ಚೆ ಬಹುಪಾಲು ಇಂಗ್ಲಿಷಿಗೆ ಸೇರಿತು. ಬೆಂಗಳೂರಿನಲ್ಲಿ 1910ರಿಂದ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿದೆ, ಹೊಸೂರು ರಸ್ತೆಯ ಬದಿಗೆ ಧರ್ಮಾರಾಮವಿದೆ. ಪುಟ್ಟೇನಹಳ್ಳಿಯ ಬಾಡಿಗೆ ಕೋಣೆಯಿಂದ ಜ್ಞಾನಭಾರತಿಗೆ ಹೋಗಿಬರುವ ಕನ್ನಡ ಎಂ.ಎ. ವಿದ್ಯಾರ್ಥಿಗೆ ಧರ್ಮಾರಾಮ ದೂರದ ಸ್ಥಳವೇನಲ್ಲ. ಆದರೆ ಅಲ್ಲಿನ ಗ್ರಂಥಾಲಯಕ್ಕೆ ಅವನನ್ನು ಕಳುಹಿಸುವ ಅಧ್ಯಾಪಕರೂ ಅಪರೂಪ, ಜನ್ನನನ್ನು ಓದಿ ಬಾ ಎಂದು ತನ್ನ ವಿದ್ಯಾರ್ಥಿಗೆ ಹೇಳುವ ದೇವಶಾಸ್ತ್ರದ ಪ್ರಾಧ್ಯಾಪಕರೂ ಅಪರೂಪ.

ಕನ್ನಡ ವಿಭಾಗದಲ್ಲಿ ಬೈಬಲ್ ಓದಿಸಿದರೆ ಅದು ಮತಪ್ರಚಾರವಾಗದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಇದಕ್ಕೆ ಉತ್ತರ ಕನ್ನಡ ತರಗತಿಯಲ್ಲೇ ಇದೆ. ತಲೆಮಾರುಗಳಿಂದ ವಿದ್ಯಾರ್ಥಿಗಳು ‘ಆದಿಪುರಾಣ’ದ ಭವಾವಳಿಯನ್ನು ಬಿಡಿಸುತ್ತ ಬಂದಿದ್ದಾರೆ, ‘ವಡ್ಡಾರಾಧನೆ’ಯ ಉಪಸರ್ಗಗಳಿಗೆ ಟಿಪ್ಪಣಿ ಬರೆದಿದ್ದಾರೆ, ಪರೀಕ್ಷೆಗಾಗಿ ಪಂಪನನ್ನು ಓದಿ ಜೈನರಾದವರನ್ನು ಯಾರೂ ಕಂಡಿಲ್ಲ. ಜೈನ ಸಮುದಾಯಕ್ಕೆ ಈ ಓದಿನಿಂದ ಮತಾಂತರಿಗಳು ಸಿಗಲಿಲ್ಲ, ಎಲ್ಲ ಜಾತಿ ಮತಗಳ ಗಂಭೀರ ಓದುಗರು ಸಿಕ್ಕರು. ಪಂಪನಿಗೆ ಸಲ್ಲುವ ಈ ನ್ಯಾಯ ಕನ್ನಡ ಬೈಬಲ್ಲಿಗೆ ಸಲ್ಲದು ಎನ್ನಲು ಕಾರಣವಿಲ್ಲ. ಅತ್ತ ಚರ್ಚಿನೊಳಗಿನ ಓದುಗರೂ ತಮ್ಮ ಗ್ರಂಥದ ಒಂದೊಂದು ಪದಕ್ಕೂ ಅನ್ಯಮತೀಯ ಪೂರ್ವಚರಿತ್ರೆಯಿದೆ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ‘ದೀಕ್ಷಾಸ್ನಾನ’ದೊಳಗಿನ ‘ದೀಕ್ಷೆ’ ಕ್ರೈಸ್ತರ ಕೈಗೆ ಬರುವ ಮೊದಲು ಜಿನಮುನಿಗಳದೂ ಶೈವರದೂ ಆಗಿತ್ತು.

ಕೆಲಸ ಆರಂಭಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಸಂಗ್ರಹವಿದೆ. ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳನ್ನಷ್ಟೇ ತೆಗೆದುಕೊಂಡು, ಹ್ಯಾಂಡ್ಸ್ ಅವರ ಪಾಠದಿಂದ ಇಂದಿನ ಆವೃತ್ತಿಯವರೆಗೆ ಯಜ್ಞ, ಹೋಮ, ಬಲಿ, ಕಾಣಿಕೆ ಎಂಬ ನಾಲ್ಕು ಪದಗಳು ಎಲ್ಲೆಲ್ಲಿ ಜಾಗ ಬದಲಿಸಿವೆ ಎಂದು ಗುರುತಿಸಿ, ಪಕ್ಕದಲ್ಲಿ ‘ಯಜ್ಞಸುಧಾನಿಧಿ’ಯನ್ನೂ ‘ಯಶೋಧರ ಚರಿತೆ’ಯನ್ನೂ ಇಟ್ಟುಕೊಂಡು ಓದಿದರೆ ಒಂದು ಸಂಶೋಧನ ಪ್ರಬಂಧಕ್ಕೆ ಸಾಲುವಷ್ಟಲ್ಲ, ಮಿಗುವಷ್ಟು ಸಾಮಗ್ರಿ ದೊರೆಯುತ್ತದೆ.