ಮತ್ತೆ ಮತ್ತೆ ಮೊದಲಿನಿಂದ ಏಳುವ ಕಂಪ್ಯೂಟರ್

ಗುಂಡಿ ಒತ್ತಿದೊಡನೆ ಫ್ಯಾನು ತಿರುಗುತ್ತದೆ. ತೆರೆಯ ಮೇಲೆ ಕಂಪನಿಯ ಲಾಂಛನ ಮೂಡುತ್ತದೆ, ಕೆಳಗೆ ಚುಕ್ಕಿಗಳು ಸುತ್ತತೊಡಗುತ್ತವೆ. ಇನ್ನೇನು ಡೆಸ್ಕ್‌ಟಾಪ್ ಬಂತು ಎನ್ನುವಷ್ಟರಲ್ಲಿ ತೆರೆ ಕಪ್ಪು. ಮತ್ತೆ ಲಾಂಛನ, ಮತ್ತೆ ಚುಕ್ಕಿ, ಮತ್ತೆ ಕಪ್ಪು. ಶಿವಮೊಗ್ಗದ ಆಲ್ಕೊಳ, ವಿನೋಬನಗರದ ಮನೆಗಳಲ್ಲಾಗಲಿ, ಅತ್ತ ಭದ್ರಾವತಿಯಲ್ಲಾಗಲಿ, ಈ ರೋಗ ತಲೆಯೆತ್ತಲು ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ದಿನಗಳು ಹದವಾದ ಕಾಲ. ಎಂಜಿನಿಯರಿಂಗ್ ಕೊನೆಯ ವರ್ಷದವರು ಪ್ರಾಜೆಕ್ಟ್ ವರದಿ ಒಪ್ಪಿಸುವ ಕಾಲವೂ ಹೆಚ್ಚು ಕಡಿಮೆ ಅದೇ.

ಇಂಥ ಹೊತ್ತಿನಲ್ಲಿ ಎಲ್ಲರಿಗಿಂತ ಮೊದಲು ಬರುವ ಸಲಹೆ, ‘ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬುದು. ಅಂದರೆ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ತುಂಬುವುದು. ಮಗಳ ಪ್ರಾಜೆಕ್ಟು, ಅಪ್ಪ ನುಡಿಯಲ್ಲಿ ಬೆರಳಚ್ಚು ಮಾಡಿಟ್ಟ ಪತ್ರಗಳು, ಮದುವೆಯ ಫೋಟೋಗಳು ಎಲ್ಲವೂ ಅದರೊಡನೆ ಹೋಗುತ್ತವೆ. ತಪ್ಪು ಇದ್ದದ್ದು ವಿದ್ಯುತ್ ಪೂರೈಸುವ ಡಬ್ಬಿಯಲ್ಲಾದರೆ, ಎಲ್ಲ ಕಳೆದುಕೊಂಡ ಮೇಲೂ ಯಂತ್ರ ಹಳೆಯ ಚಾಳಿಯನ್ನೇ ಮುಂದುವರಿಸುತ್ತದೆ. ಆದ್ದರಿಂದ ಮೊದಲು ಬೇಕಾದದ್ದು ಸ್ಕ್ರೂಡ್ರೈವರ್ ಅಲ್ಲ, ಗಡಿಯಾರ. ಗುಂಡಿ ಒತ್ತಿದ ಎಷ್ಟು ಹೊತ್ತಿಗೆ, ಯಾವ ಹಂತದಲ್ಲಿ ಯಂತ್ರ ಹಿಂದೆ ಸರಿಯುತ್ತದೆ ಎಂಬುದನ್ನು ಮೂರು ನಾಲ್ಕು ಬಾರಿ ಬರೆದುಕೊಂಡರೆ ಅರ್ಧ ರೋಗ ಪತ್ತೆಯಾದಂತೆ.

ಲಾಂಛನ ಕಾಣುವ ಮುಂಚೆಯೇ ಮರಳಿ ಶುರುವಾಗುತ್ತಿದ್ದರೆ ವಿಂಡೋಸಿನ ಮೇಲೆ ಗುಮಾನಿ ಬೇಡ; ಅದು ಇನ್ನೂ ಅಂಗಳಕ್ಕೇ ಬಂದಿಲ್ಲ. ಇಲ್ಲಿ ಎಸ್‌ಎಂಪಿಎಸ್ ಎಂಬ ಡಬ್ಬಿಯ ಕೆಲಸವನ್ನು ತಿಳಿಯಬೇಕು. ಗೋಡೆಯಿಂದ ಬರುವ 230 ವೋಲ್ಟನ್ನು ಅದು 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸುತ್ತದೆ. ಇಳಿಸಿದ್ದು ಸ್ಥಿರವಾಗಿದೆ ಎಂದು ಖಾತ್ರಿಯಾದ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ‘ಕರೆಂಟು ಸರಿಯಿದೆ’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳಿಸುತ್ತದೆ. ಆ ಸಂಕೇತ ಬರುವವರೆಗೆ ಪ್ರೊಸೆಸರ್ ಕದಲುವುದಿಲ್ಲ. ನಡುವೆ ಸಂಕೇತ ತಪ್ಪಿತೋ, ಮತ್ತೆ ಮೊದಲಿನಿಂದ. 12 ವೋಲ್ಟಿನ ತಂತಿಯಲ್ಲಿ ಶೇಕಡಾ 5ರಷ್ಟು ಏರುಪೇರಿಗೆ ಮಾತ್ರ ಅವಕಾಶ, 11.4ಕ್ಕಿಂತ ಕೆಳಗಿಳಿದರೆ ಯಂತ್ರದ ವರ್ತನೆಗೆ ಭರವಸೆಯಿಲ್ಲ. ಹಳತಾದ ಎಸ್‌ಎಂಪಿಎಸ್ ಹಗುರ ಕೆಲಸವನ್ನು ತಡೆದುಕೊಳ್ಳುತ್ತದೆ, ಡಿಸ್ಕು, ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್ ಮೂರೂ ಒಟ್ಟಿಗೆ ಎದ್ದಾಗ ಕುಸಿಯುತ್ತದೆ.

ಯುಪಿಎಸ್ ಕೂಡ ಆರೋಪಿಯೇ. ಅದರೊಳಗಿನ ಬ್ಯಾಟರಿ ಕೆಲವೇ ವರ್ಷ ಬಾಳುವಂಥದ್ದು. ಸತ್ತ ಬ್ಯಾಟರಿಯ ಯುಪಿಎಸ್ ವೋಲ್ಟೇಜು ಒಂದು ಕ್ಷಣ ಇಳಿದರೂ ಕೈ ಬಿಡುತ್ತದೆ. ಅದನ್ನು ಬದಿಗಿಟ್ಟು, ಅರ್ತಿಂಗ್ ಸರಿಯಿರುವ ಬೇರೆ ಸಾಕೆಟ್ಟಿಗೆ ಕಂಪ್ಯೂಟರನ್ನು ನೇರವಾಗಿ ಸಿಕ್ಕಿಸಿ ಒಮ್ಮೆ ನೋಡಬೇಕು. ಗುಡುಗು ಇರುವಾಗಲಂತೂ ಬೇಡ. ಪೆಟ್ಟಿಗೆಯ ಮುಂಭಾಗದ ರೀಸೆಟ್ ಗುಂಡಿ ಒಳಗೇ ಕಚ್ಚಿಕೊಂಡಿದ್ದರೂ ಇದೇ ಲಕ್ಷಣ. ದೊಡ್ಡ ರಿಪೇರಿಯೆಂದು ಬಂದ ಯಂತ್ರದಲ್ಲಿ ಕೊನೆಗೆ ಸಿಗುವುದು ಇಂಥ ಚಿಲ್ಲರೆ ದೋಷ ಎಂಬುದೂ ಉಂಟು.

ಇನ್ನೊಂದು ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಯಂತ್ರ ಶುರುವಾಗುತ್ತಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು (ಕಂಪನಿಯಿಂದ ಕಂಪನಿಗೆ ಬೇರೆ) ಒತ್ತುತ್ತ ಬಯಾಸ್‌ನ ಪುಟಕ್ಕೆ ಹೋಗಿ ಕಾಲು ಗಂಟೆ ಹಾಗೇ ಬಿಡಬೇಕು. ಅಲ್ಲಿ ವಿಂಡೋಸೂ ಇಲ್ಲ, ವೈರಸ್ಸೂ ಇಲ್ಲ. ಅಲ್ಲಿಯೂ ಯಂತ್ರ ಮುಗ್ಗರಿಸಿದರೆ ಕರೆಂಟು, ರ್‍ಯಾಮ್, ಮದರ್‌ಬೋರ್ಡ್ ಅಥವಾ ಬಿಸಿ, ಈ ನಾಲ್ಕರಲ್ಲಿ ಒಂದು. ಪ್ರೊಸೆಸರಿನ ಉಷ್ಣತೆಯನ್ನು ಎಷ್ಟೋ ಯಂತ್ರಗಳಲ್ಲಿ ಅದೇ ಪುಟ ತೋರಿಸುತ್ತದೆ. ಸುಮ್ಮನಿದ್ದಾಗಲೇ 90 ಡಿಗ್ರಿ ಸಮೀಪಿಸಿದ್ದರೆ ಫ್ಯಾನಿನ ಧೂಳನ್ನು, ಅದು ಬಿಗಿಯಾಗಿ ಕೂತಿದೆಯೇ ಎಂಬುದನ್ನು ನೋಡಬೇಕು. ಬಯಾಸ್‌ನಲ್ಲಿ ಯಂತ್ರ ಗಟ್ಟಿಯಾಗಿ ನಿಂತರೆ ತಪ್ಪು ಬಹುಮಟ್ಟಿಗೆ ಡಿಸ್ಕಿನಲ್ಲಿ ಅಥವಾ ವಿಂಡೋಸಿನಲ್ಲಿ. ‘ಬಹುಮಟ್ಟಿಗೆ’ ಎಂದದ್ದು ಏಕೆಂದರೆ, ಬಯಾಸ್ ಹೊರಿಸುವ ಹೊರೆ ಹಗುರ.

ಪೆಟ್ಟಿಗೆ ತೆರೆಯುವುದಾದರೆ ತಂತಿ ಕಿತ್ತು, ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಆಮೇಲೆ ಕೈ ಹಾಕಬೇಕು. ರ್‍ಯಾಮ್ ಪಟ್ಟಿಗಳು ಎರಡಿದ್ದರೆ ಒಂದೊಂದನ್ನೇ ಇಟ್ಟು ಓಡಿಸಿದಾಗ ಕೆಟ್ಟದ್ದು ಯಾವುದೆಂದು ತಾನೇ ತಿಳಿಯುತ್ತದೆ. ಮದರ್‌ಬೋರ್ಡಿನ ಮೇಲಿನ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳ ನೆತ್ತಿ ಉಬ್ಬಿದೆಯೇ ಎಂದೂ ನೋಡಬೇಕು. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಅನೇಕ ಬೋರ್ಡುಗಳು ಹೀಗೆ ಉಬ್ಬಿ ಸೋರುವ ಕೆಪಾಸಿಟರುಗಳಿಂದಲೇ ಹಾಳಾದವು. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಅದರೊಳಗೆ 300 ವೋಲ್ಟಿಗೂ ಮೀರಿದ ಒತ್ತಡ ತಂತಿ ಕಿತ್ತ ಮೇಲೂ ಉಳಿದಿರಬಹುದು.

ಚುಕ್ಕಿ ಸುತ್ತುವಾಗ ಬೀಳುವ ಯಂತ್ರದ ಕತೆ ಬೇರೆ. ವಿಂಡೋಸ್ ತನ್ನ ದೋಷವನ್ನು ನೀಲಿ ತೆರೆಯಲ್ಲಿ ಬರೆದು ತೋರಿಸುತ್ತದೆ, ಆದರೆ ಓದುವ ಮೊದಲೇ ತಾನಾಗಿ ಮರಳಿ ಶುರುವಾಗುತ್ತದೆ. ಈ ಆತುರವನ್ನು ತಡೆಯಬೇಕು. ವಿಂಡೋಸ್ 10 ಮತ್ತು 11 ಕೆಲವು ಬಾರಿ ಸತತ ಸೋತ ಮೇಲೆ ರಿಪೇರಿ ಪುಟವನ್ನು ತೆರೆಯುತ್ತವೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಹಾದು 9ನೇ ಆಯ್ಕೆ ಒತ್ತಿದರೆ ನೀಲಿ ತೆರೆ ನಿಂತುಕೊಳ್ಳುತ್ತದೆ. ಅದರಲ್ಲಿರುವ ಸಂಕೇತವನ್ನು ಬರೆದುಕೊಳ್ಳಬಹುದು. 4ನೆಯದು ಸೇಫ್ ಮೋಡ್. ಅದರಲ್ಲಿ ಯಂತ್ರ ಎದ್ದರೆ ಈಚೆಗೆ ಹಾಕಿದ ಯಾವುದೋ ಡ್ರೈವರ್ ಅಥವಾ ತಂತ್ರಾಂಶದ ಮೇಲೆ ಅನುಮಾನ.

ಒಂದೇ ಕೆಟ್ಟ ಕಡತ ಎಷ್ಟು ಮಾಡಬಲ್ಲದು ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕಳಿಸಿದ ಪುಟ್ಟ ಕಡತದಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿ ಬಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಸುಮಾರು ಒಂದೂಕಾಲು ಗಂಟೆಯಲ್ಲಿ ಕಂಪನಿ ಕಡತವನ್ನು ಹಿಂತೆಗೆದುಕೊಂಡರೂ ಬಿದ್ದ ಯಂತ್ರಗಳಲ್ಲಿ ಬಹುಪಾಲು ತಾವಾಗಿ ಏಳಲಿಲ್ಲ. ಸಿಬ್ಬಂದಿ ಒಂದೊಂದರ ಮುಂದೆಯೂ ಕೂತು ಸೇಫ್ ಮೋಡಿನಲ್ಲಿ ಆ ಕಡತವನ್ನು ಅಳಿಸಬೇಕಾಯಿತು. ಯಾರೂ 85 ಲಕ್ಷ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು.

ಅಂದು ಅನೇಕರನ್ನು ಕಾಡಿದ ಇನ್ನೊಂದು ತೊಡಕು ಬಿಟ್‌ಲಾಕರ್. ಡಿಸ್ಕಿಗೆ ಬೀಗ ಹಾಕುವ ಈ ಏರ್ಪಾಡು ಹೊಸ ಯಂತ್ರಗಳಲ್ಲಿ ಮನೆಯವರಿಗೆ ಗೊತ್ತಿಲ್ಲದೆಯೇ ಚಾಲೂ ಇರಬಹುದು. 48 ಅಂಕಿಗಳ ಕೀಲಿ ಇಲ್ಲದಿದ್ದರೆ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೂ ಒಂದು ಅಕ್ಷರ ಓದಲಾಗದು. ಮನೆಯವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀಲಿ ಇದೆಯೇ ಎಂದು ಮೊಬೈಲಿನಲ್ಲಿಯೇ ಹುಡುಕಿ ಬರೆದಿಟ್ಟುಕೊಳ್ಳಬಹುದು. ಬೀಗವಿಲ್ಲದ ಡಿಸ್ಕಾದರೆ ಹಾದಿ ಸುಲಭ: ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಅಥವಾ ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿದರೆ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ಪದೇ ಪದೇ ಗುಂಡಿ ಒತ್ತುವುದು ಬೇಡ, ಒಂದೊಂದು ಯತ್ನವೂ ಉಳಿದದ್ದನ್ನು ಕೆಡಿಸೀತು.

ಪೆಟ್ಟಿಗೆ ಹೊತ್ತು ಅಂಗಡಿಗೆ ಹೋಗಲೇಬೇಕಾಗಿ ಬಂದಲ್ಲಿ, ಗಡಿಯಾರ ನೋಡಿ ಬರೆದ ಆ ಚೀಟಿಯನ್ನೂ ನೀಲಿ ತೆರೆಯ ಸಂಕೇತವನ್ನೂ ಜೊತೆಗೆ ಕೊಡಬೇಕು. ‘ಕೇಳದೆ ಡಿಸ್ಕ್ ಅಳಿಸಬಾರದು’ ಎಂದು ರಸೀದಿಯ ಮೇಲೆಯೇ ಬರೆಸಿಕೊಂಡು, ಬದಲಿಸಿದ ಹಳೆಯ ಭಾಗವನ್ನು ಕೇಳಿ ಮನೆಗೆ ತರಬೇಕು.