ನೆಟ್ಟು ಬೆಳೆಸಲಾಗದ ಕಾಡು

ಹಾಸನ ಜಿಲ್ಲೆಯ ಪಡುವಣ ಅಂಚಿನಲ್ಲಿ, ಸಕಲೇಶಪುರ ತಾಲ್ಲೂಕಿನ ಬಿಸಿಲೆ, ಕಾಗನೇರಿ, ಕೆಂಪುಹೊಳೆ ಭಾಗಗಳಲ್ಲಿ ಪಶ್ಚಿಮಘಟ್ಟದ ಹಳೆಯ ಮಳೆಕಾಡು ಇನ್ನೂ ಉಳಿದಿದೆ. ಧೂಮ, ಬಲಗಿ, ನಾಗಸಂಪಿಗೆ, ರಾಮಪತ್ರೆ ಇಲ್ಲಿನ ಮರಗಳು. ಆನೆ, ಸಿಂಗಳೀಕ, ಕಾಳಿಂಗಸರ್ಪಗಳಿಗೆ ಇದೇ ನೆಲೆ. ಕೆಂಪುಹೊಳೆಯ ಕಾಡಿನಲ್ಲಿ ಸಿಕ್ಕ ಪುಟ್ಟ ಕಪ್ಪೆಯೊಂದಕ್ಕೆ ವಿಜ್ಞಾನಿಗಳು ಪಕ್ಕದ ಗುಂಡ್ಯ ಊರಿನ ಹೆಸರನ್ನೇ ಇಟ್ಟಿದ್ದಾರೆ: ಇಂಡಿರಾನಾ ಗುಂಡಿಯಾ. ಬಿಸಿಲೆಯ ಪಕ್ಕದ ಪುಷ್ಪಗಿರಿ ವನ್ಯಧಾಮ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ ಕಾಡಿನ ಮುಂದುವರಿಕೆಯಾದ ಬಿಸಿಲೆ ಸೇರಲಿಲ್ಲ.

ಇಂಥ ಕಾಡನ್ನು ಕಡಿದು ಮತ್ತೆ ನೆಟ್ಟು ಪಡೆಯಲಾಗದು ಎಂಬುದಕ್ಕೆ ಧೂಮದ ಮರವೊಂದೇ ಸಾಕ್ಷಿ ಸಾಕು. ಅದರ ಕಾಯಿಗೆ ಎರಡು ಉದ್ದನೆಯ ರೆಕ್ಕೆಗಳಿವೆ. ಗಾಳಿಗೆ ಗಿರಿಗಿರಿ ತಿರುಗುತ್ತ ತಾಯಿಮರದಿಂದ ಅಷ್ಟೇನೂ ದೂರ ಹೋಗದೆ ಬೀಳುತ್ತದೆ. ಒಣಗಿಸಿ ಇಟ್ಟರೆ ಬೀಜ ಸಾಯುತ್ತದೆ. ಬಿದ್ದ ಕೆಲವೇ ದಿನಗಳಲ್ಲಿ ತೇವದ ನೆಲದಲ್ಲಿ ಮೊಳೆಯಬೇಕು. ಮೊಳೆತ ಸಸಿಗೆ ಎಳೆತನದಲ್ಲಿ ದೊಡ್ಡ ಮರಗಳ ನೆರಳು ಬೇಕು. ಬಯಲಾದ ನೆಲದಲ್ಲಿ ನೆರಳೂ ಇಲ್ಲ, ತೇವವೂ ಇಲ್ಲ. ಯೋಜನೆಗಾಗಿ ಕಡಿದ ಕಾಡಿಗೆ ಬದಲಾಗಿ ಬೇರೆಲ್ಲೋ ಸಸಿ ನೆಡುವ ‘ಪರಿಹಾರ ಅರಣ್ಯೀಕರಣ’ ಕಡತದ ಲೆಕ್ಕ ತುಂಬಿಸುತ್ತದೆಯೇ ಹೊರತು ಧೂಮದ ಕಾಡನ್ನು ಮರಳಿ ತರುವುದಿಲ್ಲ.

ಕರ್ನಾಟಕದಲ್ಲಿ ಸಹಜ ಕಾಡಿನ ಪರವಾದ ಜನಹೋರಾಟಕ್ಕೆ ದೊಡ್ಡ ದಾರಿ ತೋರಿದ್ದು ಅಪ್ಪಿಕೊ ಚಳವಳಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಉಳಿಸು, ಬೆಳೆಸು, ಬಳಸು ಎಂಬುದು ಅವರ ಘೋಷಣೆ. ಹಾಸನದ ಘಟ್ಟಕ್ಕೆ ಅಪಾಯ ಬಂದದ್ದು ಕೊಡಲಿಯಿಂದಲ್ಲ, ಅಣೆಕಟ್ಟಿನಿಂದ. ಕರ್ನಾಟಕ ವಿದ್ಯುತ್ ನಿಗಮದ ಗುಂಡ್ಯ ಜಲವಿದ್ಯುತ್ ಯೋಜನೆಯು ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿಯ ನೀರನ್ನು ಸುರಂಗಗಳಲ್ಲಿ ಹರಿಸುವ ಲೆಕ್ಕ ಹಾಕಿತ್ತು. ಹೊಂಗಡಹಳ್ಳ ಮತ್ತು ಸುತ್ತಲಿನ ಊರುಗಳ ಜನ ಇದನ್ನು ವಿರೋಧಿಸಿದರು. ಮಲೆನಾಡು ಜನಪರ ಹೋರಾಟ ಸಮಿತಿ ಅವರ ದನಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ ಆ ಕಣಿವೆಯ ಜೀವವೈವಿಧ್ಯವನ್ನು ದಾಖಲಿಸಿತು. ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ ಸ್ಥಳಕ್ಕೇ ಬಂದು ನೋಡಿ, 2011ರ ವರದಿಯಲ್ಲಿ ಯೋಜನೆಗೆ ಅನುಮತಿ ಬೇಡವೆಂದು ಶಿಫಾರಸು ಮಾಡಿತು. ಬೆಟ್ಟಕುಮರಿಯಲ್ಲಿ ಕಟ್ಟಬೇಕೆಂದಿದ್ದ ಅಣೆಕಟ್ಟು ಎದ್ದಿಲ್ಲ. ಊರವರ ತಿಳಿವಳಿಕೆ ಮತ್ತು ವಿಜ್ಞಾನದ ದಾಖಲೆ ಒಂದಾದಾಗ ಸಿಕ್ಕ ಗೆಲುವು ಇದು, ಇದನ್ನು ಸಣ್ಣದೆನ್ನಲಾಗದು.

ಎತ್ತಿನಹೊಳೆಯ ನೀರು ತಿರುಗಿಸುವ ಇನ್ನೊಂದು ಯೋಜನೆಯ ವಿಚಾರದಲ್ಲಿ ಹಾಗಾಗಲಿಲ್ಲ. ಎಂಟು ಕಿರು ಅಣೆಕಟ್ಟುಗಳಿಂದ 24 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬರದ ಜಿಲ್ಲೆಗಳಿಗೆ ಒಯ್ಯುವ ಈ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಬಯಲುಸೀಮೆಯ ಬಾಯಾರಿಕೆ ನಿಜವಾದದ್ದೇ. ಆದರೆ ಅಷ್ಟು ನೀರು ನಿಜಕ್ಕೂ ಸಿಗುತ್ತದೆಯೇ ಎಂಬ ಪರಿಸರ ಸಂಘಟನೆಗಳ ಪ್ರಶ್ನೆಗೆ ಸಮಾಧಾನಕರ ಉತ್ತರ ಬರುವ ಮೊದಲೇ ಘಟ್ಟವನ್ನು ಅಗೆದದ್ದು ತಪ್ಪು.

ಹೋರಾಟಗಾರರಿಗೆ ತಮ್ಮ ಊರಿನೊಳಗೂ ವಿರೋಧವಿದೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿ ಬಂದಾಗಿನಿಂದ ಮನೆ, ತೋಟ ಕೈಬಿಟ್ಟು ಹೋಗುತ್ತವೆಂಬ ಭಯ ಮಲೆನಾಡಿನ ಕಾಫಿ, ಏಲಕ್ಕಿ ಬೆಳೆಗಾರರನ್ನು ಕಾಡುತ್ತಿದೆ. ಆ ಭಯವನ್ನು ಕೂತು ಮಾತಾಡಿ ನಿವಾರಿಸುವ ಕೆಲಸವನ್ನು ಯಾವ ಸರ್ಕಾರವೂ ಮನಸ್ಸಿಟ್ಟು ಮಾಡಿಲ್ಲ.

ಇನ್ನು ಹಾಸನ ಜಿಲ್ಲೆಯದೇ ಬಯಲಿನ ತಾಲ್ಲೂಕುಗಳು. ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆ ಎರಡಾಗಿ ಒಡೆಯುತ್ತದೆ: ಪಡುವಣಕ್ಕೆ ಇಳಿದದ್ದು ಕುಮಾರಧಾರಾ, ನೇತ್ರಾವತಿ ಸೇರುತ್ತದೆ, ಮೂಡಣಕ್ಕೆ ಇಳಿದದ್ದು ಹೇಮಾವತಿಗೆ. ಮೂಡಣದ ಕಾಡಿನಲ್ಲಿ ಜಡಿಮಳೆಯ ನೀರು ತರಗೆಲೆ, ಬೇರುಗಳ ನಡುವೆ ಇಂಗಿ, ಮಳೆ ನಿಂತ ಮೇಲೂ ಒರತೆಯಾಗಿ ಹಳ್ಳಗಳಿಗೆ ಜಿನುಗುತ್ತದೆ. ಅದು ಗೊರೂರಿನ ಜಲಾಶಯಕ್ಕೆ ಬಂದು, ನಾಲೆಗಳ ಮೂಲಕ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಗದ್ದೆ, ತೋಟಗಳನ್ನು ಮುಟ್ಟುತ್ತದೆ. ನಾಲೆಗೆ ನೀರು ಬಿಡಿ ಎಂದು ಈ ತಾಲ್ಲೂಕುಗಳ ರೈತರು ರಸ್ತೆಗಿಳಿಯುತ್ತಾರೆ. ಆದರೆ ನೀರಿನ ತಾಯಿಬೇರಾದ ಕಾಡನ್ನು ಉಳಿಸಲು ಹೊಂಗಡಹಳ್ಳದವರು ಮನವಿ ಹಿಡಿದು ಹೊರಟಾಗ ಈ ರೈತರು ಜೊತೆಗೆ ಕಾಣುವುದು ಅಪರೂಪ. ಬಿಸಿಲೆಯ ಕಾಡಿನ ಪರವಾಗಿ ಮುಂದಿನ ಮನವಿ ಜಿಲ್ಲಾಧಿಕಾರಿ ಕಚೇರಿಗೆ ಹೋಗುವಾಗ ಹೊಳೆನರಸೀಪುರ, ಚನ್ನರಾಯಪಟ್ಟಣದ ರೈತ ಸಂಘಗಳೂ ಅದಕ್ಕೆ ಸಹಿ ಹಾಕಲಿ.